ಸಕ್ಕರೆ ಬಿಟ್ಟು ಆರು ದಿನ, ಸಂಜೆ ನಾಲ್ಕು ಗಂಟೆ ಮಾತ್ರ ದಾಟುತ್ತಿಲ್ಲ

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ, 5.9 ಬಂತು. "ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಅದರ ಹತ್ತಿರ ಇದ್ದೀರಿ" ಎಂದರು ಡಾಕ್ಟರ್. ಮನೆಗೆ ಬಂದವಳೇ ಎಲ್ಲ ಒಟ್ಟಿಗೆ ನಿಲ್ಲಿಸಿದೆ. ಟೀ, ಬಿಸ್ಕತ್ತು, ಚಾಕೊಲೇಟ್, ತಂಪು ಪಾನೀಯ, ಯಾವುದೂ ಬೇಡ ಅಂತ. ದಿನಕ್ಕೆ ಐದು ಲೋಟ ಟೀ ಕುಡಿಯುತ್ತಿದ್ದೆ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ.

ಎರಡನೇ ದಿನ ತಲೆನೋವು ಶುರುವಾಯಿತು. ಮೂರನೇ ದಿನ ತಲೆ ಎತ್ತಲು ಆಗಲಿಲ್ಲ. ಮನೆಯವರ ಮೇಲೆಲ್ಲ ರೇಗಿದೆ. ಈಗ ನೋವು ಸ್ವಲ್ಪ ಇಳಿದಿದೆ. ಆದರೆ ಸಂಜೆ ನಾಲ್ಕು ಆದರೆ ಸಾಕು, ಏನಾದರೂ ಸಿಹಿ ಬಾಯಿಗೆ ಹಾಕಿಕೊಳ್ಳಲೇಬೇಕು ಅನ್ನಿಸುತ್ತದೆ. ಹಸಿವಲ್ಲ. ಹೊಟ್ಟೆ ತುಂಬ ಊಟ ಮಾಡಿದ್ದರೂ ಬರುತ್ತದೆ. ಮೊದಲೆಲ್ಲ ಇದನ್ನು ಬಾಯಿ ಚಪಲ ಅಂದುಕೊಂಡಿದ್ದೆ, ಇದು ಅದಕ್ಕಿಂತ ಜೋರು. ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಮಗಳ ಚಾಕೊಲೇಟ್ ಡಬ್ಬಿ ಖಾಲಿ ಮಾಡಿದೆ. ಬೆಳಿಗ್ಗೆ ಅವಳು ಹುಡುಕುವುದನ್ನು ನೋಡಿ ಅಳು ಬಂತು.

ಹೀಗೆ ಒಂದೇ ಸಲ ಬಿಡುವುದು ಸರಿಯಾ, ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು ಸರಿಯಾ? ಆ ನಾಲ್ಕು ಗಂಟೆಯನ್ನು ನೀವೆಲ್ಲ ಹೇಗೆ ದಾಟಿದಿರಿ?

ಹಾದಿಹೋಕ:
ಆರು ದಿನ ತಡೆದಿದ್ದೀರಲ್ಲ, ಅದೇ ದೊಡ್ಡದು. ಒಂದು ರಾತ್ರಿ ತಿಂದಿದ್ದಕ್ಕೆ ಆ ಆರು ದಿನ ಸುಳ್ಳಾಗುವುದಿಲ್ಲ.

ಕಡ್ಡಿಮುರಿದಂತೆ:
ಪೂರ್ತಿ ಬಿಡುವುದೇ ಸರಿ. ಸ್ವಲ್ಪ ಸ್ವಲ್ಪ ಅಂತ ಹೊರಟರೆ ಪ್ರತಿ ಸಲವೂ ಮನಸ್ಸಿನ ಜೊತೆ ಜಗಳ. ಇವತ್ತು ಎಷ್ಟು, ನಾಳೆ ಎಷ್ಟು ಅಂತ ಲೆಕ್ಕ. ನಾನು ಮೂರು ವರ್ಷದ ಹಿಂದೆ ಒಂದೇ ದಿನ ಬಿಟ್ಟೆ. ಮೊದಲ ಎರಡು ವಾರ ನರಕ, ನಿಜ. ಆಮೇಲೆ ಮನೆಯಲ್ಲಿ ಸಕ್ಕರೆ ಡಬ್ಬಿ ಇದೆಯೋ ಇಲ್ಲವೋ ಅನ್ನುವುದೇ ಮರೆತುಹೋಯಿತು.

ಅರ್ಧಚಮಚ:
ನಿಮಗೆ ಆಯಿತು ಸರಿ, ಎಲ್ಲರಿಗೂ ಹಾಗೆ ಆಗುವುದಿಲ್ಲ. ನಾನು ಒಂದೇ ಸಲ ಬಿಡಲು ನಾಲ್ಕು ಸಲ ಪ್ರಯತ್ನ ಮಾಡಿ ನಾಲ್ಕೂ ಸಲ ಹಿಂದೆ ಬಂದವಳು. ಐದನೇ ಸಲ ದಾರಿ ಬದಲಿಸಿದೆ. ಲೋಟಕ್ಕೆ ಎರಡು ಚಮಚ ಇತ್ತು. ಎರಡು ವಾರಕ್ಕೊಮ್ಮೆ ಕಾಲು ಚಮಚ ಕಡಿಮೆ ಮಾಡುತ್ತಾ ಹೋದೆ. ನಾಲ್ಕು ತಿಂಗಳು ತುಂಬುವುದರೊಳಗೆ ಸೊನ್ನೆ. ಒಂದು ದಿನವೂ ಕಷ್ಟ ಅನ್ನಿಸಲಿಲ್ಲ. ಈಗ ಯಾರಾದರೂ ಒಂದು ಚಮಚ ಹಾಕಿ ಕೊಟ್ಟರೆ ಪಾಕ ಕುಡಿದ ಹಾಗಿರುತ್ತದೆ.

ನಾಲಿಗೆಗೆ ಸಮಯ ಬೇಕು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರು ಮೂರು ತಿಂಗಳು ಸಕ್ಕರೆ ಕಡಿಮೆ ತಿಂದರು. ಮೊದಲ ತಿಂಗಳು ಏನೂ ವ್ಯತ್ಯಾಸ ಕಾಣಲಿಲ್ಲ. ಮೂರನೇ ತಿಂಗಳ ಹೊತ್ತಿಗೆ ಅದೇ ಪುಡ್ಡಿಂಗ್ ಅವರಿಗೆ ಮೊದಲಿಗಿಂತ ಜಾಸ್ತಿ ಸಿಹಿ ಅನ್ನಿಸಿತು. ಆರು ದಿನಕ್ಕೆ ನಾಲಿಗೆ ಬದಲಾಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ.

ರಾತ್ರಿಪಾಳಿ:
ಮಳೆಬಿಲ್ಲು ಅವರೇ, ಒಂದು ಪ್ರಶ್ನೆ. ಈಗ ಸಕ್ಕರೆ ಹಾಕದ ಟೀ ಕುಡಿಯುತ್ತಿದ್ದೀರಾ, ಇಲ್ಲ ಟೀಯನ್ನೇ ಬಿಟ್ಟಿರಾ?

ಮಳೆಬಿಲ್ಲು:
ಟೀಯನ್ನೇ ಬಿಟ್ಟೆ ಮೇಡಂ. ಸಕ್ಕರೆ ಇಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ ಅನ್ನಿಸಿತು.

ರಾತ್ರಿಪಾಳಿ:
ಹಾಗಾದರೆ ಆ ತಲೆನೋವು ಬಹುಮಟ್ಟಿಗೆ ಸಕ್ಕರೆಯದ್ದಲ್ಲ, ಟೀಯಲ್ಲಿರುವ ಕೆಫೀನ್‌ದು. ನಾನು ನರ್ಸ್. ಊಟ ತಿಂಡಿ ಬದಲಿಸಿದವರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ದಿನಕ್ಕೆ ಐದು ಲೋಟ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಒಂದೆರಡು ದಿನಕ್ಕೆ ಜೋರಾಗುತ್ತದೆ. ಎರಡರಿಂದ ಒಂಬತ್ತು ದಿನದಲ್ಲಿ ಪೂರ್ತಿ ಇಳಿಯುತ್ತದೆ. ಸುಸ್ತು, ಸಿಡುಕು, ಗಮನ ನಿಲ್ಲದಿರುವುದು, ಎಲ್ಲವೂ ಅದರ ಜೊತೆಗೇ ಬರುತ್ತವೆ. ನಿಮ್ಮ ಎರಡನೇ ದಿನ, ಮೂರನೇ ದಿನದ ಕಥೆ ಅದಕ್ಕೆ ಸರಿಯಾಗಿ ಹೊಂದುತ್ತದೆ.

ನೀವು ಎರಡು ಕಷ್ಟವನ್ನು ಒಟ್ಟಿಗೆ ತಲೆಯ ಮೇಲೆ ಹೊತ್ತುಕೊಂಡಿದ್ದೀರಿ. ಟೀ ನಿಮ್ಮ ಶತ್ರು ಅಲ್ಲ. ದಿನಕ್ಕೆ ಎರಡು ಲೋಟ ವಾಪಸ್ ತನ್ನಿ, ಸಕ್ಕರೆ ಇಲ್ಲದೆ. ಇಳಿಯದಿದ್ದರೆ ಅರ್ಧ ಚಮಚದಿಂದ ಶುರು ಮಾಡಿ. ಮಧ್ಯಾಹ್ನ ಮೂರರ ಮೇಲೆ ಮಾತ್ರ ಬೇಡ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮರುದಿನ ಸಿಹಿಯ ಆಸೆ ಇನ್ನೂ ಜಾಸ್ತಿ. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ ನನ್ನ ಕೈ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ, ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ಇಳಿಯುತ್ತದೆ. 2004ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಕಡ್ಡಿಮುರಿದಂತೆ:
ಎಲ್ಲ ಕೆಫೀನ್ ಮೇಲೆ ಹಾಕಬೇಡಿ. ನಾನು ಟೀ ಕಾಫಿ ಎರಡೂ ಮುಟ್ಟದವನು. ನನಗೂ ತಲೆ ಸಿಡಿದಿತ್ತು.

ರಾತ್ರಿಪಾಳಿ:
ಒಪ್ಪುತ್ತೇನೆ, ಅದಕ್ಕೇ "ಬಹುಮಟ್ಟಿಗೆ" ಎಂದೆ. ಅವಾಗ ನೀವು ಊಟವನ್ನೂ ಕಡಿಮೆ ಮಾಡಿದ್ದಿರಾ?

ಕಡ್ಡಿಮುರಿದಂತೆ:
ಹೌದು, ರಾತ್ರಿ ಊಟ ಬಿಟ್ಟಿದ್ದೆ. ಅದೂ ಒಂದು ಕಾರಣ ಇರಬಹುದು, ಸರಿ.

ಬಿಸಿಲುಮಚ್ಚು:
ಸಕ್ಕರೆ ಕೊಕೇನ್‌ಗಿಂತ ಕೆಟ್ಟ ಚಟ ಅಂತ ವಿಜ್ಞಾನಿಗಳೇ ಹೇಳಿದ್ದಾರೆ. ಇದನ್ನು ಚಟ ಬಿಡಿಸುವ ರೀತಿಯಲ್ಲೇ ನೋಡಬೇಕು.

ಓದುಗಣ್ಣು:
ಅದು ಇಲಿಗಳ ಮೇಲೆ ಮಾಡಿದ ಪ್ರಯೋಗ. 2007ರದ್ದು. ಕೊಕೇನ್ ಮತ್ತು ಸಿಹಿ ನೀರು ಎದುರಿಗಿದ್ದಾಗ ಹೆಚ್ಚಿನ ಇಲಿಗಳು ಸಿಹಿ ನೀರನ್ನೇ ಆರಿಸಿಕೊಂಡವು. ಮುಖ್ಯ ಪ್ರಯೋಗದಲ್ಲಿ ಆ ನೀರಿನಲ್ಲಿ ಇದ್ದದ್ದು ಸಕ್ಕರೆಯಲ್ಲ, ಸ್ಯಾಕರಿನ್ ಅನ್ನುವ ಕೃತಕ ಸಿಹಿ. ಇನ್ನೊಂದು ಪ್ರಸಿದ್ಧ ಪ್ರಯೋಗದಲ್ಲಿ ಇಲಿಗಳನ್ನು ದಿನಕ್ಕೆ 12 ಗಂಟೆ ಉಪವಾಸ ಇಟ್ಟು ಆಮೇಲೆ ಸಕ್ಕರೆ ನೀರು ಕೊಟ್ಟರು. ಆಗ ಚಟದ ಲಕ್ಷಣ ಕಂಡವು. ಮನುಷ್ಯರ ವಿಷಯದಲ್ಲಿ ಇದು ಇನ್ನೂ ಚರ್ಚೆಯಲ್ಲೇ ಇದೆ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಪಟ್ಟಿಯಲ್ಲಿ ಸಕ್ಕರೆ ಚಟ ಅನ್ನುವ ಕಾಯಿಲೆ ಇಲ್ಲ.

ಆ ಉಪವಾಸದ ಭಾಗವೇ ನಮಗೆ ಬೇಕಾದ ಪಾಠ. ಹಗಲೆಲ್ಲ ಹೊಟ್ಟೆ ಕಟ್ಟಿ ರಾತ್ರಿ ಡಬ್ಬಿ ತೆರೆದರೆ ಯಾರಿಗೂ ಕೈ ನಿಲ್ಲುವುದಿಲ್ಲ.

ಬಿಸಿಲುಮಚ್ಚು:
ಚಟ ಅನ್ನಿ, ಚಪಲ ಅನ್ನಿ, ಹೆಸರಲ್ಲಿ ಏನಿದೆ? ಅನುಭವಿಸುವವರಿಗೆ ಎಲ್ಲ ಒಂದೇ.

ಕಿಟಕಿಪಕ್ಕ:
ಹೆಸರಲ್ಲಿ ತುಂಬ ಇದೆ. "ಚಪಲ" ಅನ್ನುವ ಪದದಲ್ಲೇ ಬೈಗುಳ ಇದೆ. ಚಿಕ್ಕಂದಿನಿಂದ "ನಿನಗೆ ಬಾಯಿ ಚಪಲ" ಅಂತ ಬೈಸಿಕೊಂಡೇ ಬೆಳೆದೆ. ಅದರಿಂದ ನಾನು ಕಲಿತದ್ದು ಒಂದೇ, ಯಾರೂ ನೋಡದಾಗ ತಿನ್ನುವುದು. ಹಂಬಲ ಅನ್ನಿ, ಬಯಕೆ ಅನ್ನಿ. ಬೈದುಕೊಂಡು ಬಿಟ್ಟದ್ದು ನಿಲ್ಲುವುದಿಲ್ಲ ಅನ್ನುವುದು ನನ್ನ ಅನುಭವ.

ನಾಲ್ಕು ಗಂಟೆಯ ವಿಷಯಕ್ಕೆ ಬರುತ್ತೇನೆ. ನನಗದು ರಾತ್ರಿ ಒಂಬತ್ತೂವರೆಗೆ ಬರುತ್ತಿತ್ತು. ಒಂದು ವಾರ ಬಿಡುವ ಪ್ರಯತ್ನವನ್ನೇ ಮಾಡಲಿಲ್ಲ. ಸುಮ್ನೆ ಬರೆದಿಟ್ಟೆ. ಎಷ್ಟು ಹೊತ್ತಿಗೆ, ಎಲ್ಲಿ ಕೂತಿದ್ದೆ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ, ಅಷ್ಟೇ. ವಾರದ ಕೊನೆಗೆ ನೋಡಿದರೆ ಎಲ್ಲ ಸಾಲಿನಲ್ಲೂ ಅದೇ ಕುರ್ಚಿ! ಮಕ್ಕಳು ಮಲಗಿದ ಮೇಲೆ, ಪಾತ್ರೆ ತೊಳೆದು ಮುಗಿಸಿ, ಕಿಟಕಿ ಪಕ್ಕದ ಕುರ್ಚಿಗೆ ಬಂದು ಕೂತರೆ ಮೈಗೆ "ಈಗ ಸಿಹಿ ಬರುತ್ತದೆ" ಅಂತ ಗೊತ್ತಿತ್ತು. ಆ ದಿನದಲ್ಲಿ ನನಗಾಗಿ ಉಳಿದಿದ್ದ ಹತ್ತು ನಿಮಿಷ ಅದೊಂದೇ. ನಾನು ಬಯಸುತ್ತಿದ್ದದ್ದು ಆ ಬಿಡುವನ್ನು. ಸಿಹಿ ಅದಕ್ಕೆ ಅಂಟಿಕೊಂಡಿತ್ತು.

ಬಿಡುವನ್ನು ಉಳಿಸಿಕೊಂಡೆ. ಕುರ್ಚಿ ಬದಲಿಸಿದೆ. ಕೈಗೆ ಕಸೂತಿ ತೆಗೆದುಕೊಂಡೆ. ಮೊದಲ ಹತ್ತು ದಿನ ಸೂಜಿ ಹಿಡಿದೇ ಸಿಹಿಯ ಯೋಚನೆ. ಮೂರನೇ ವಾರದಲ್ಲಿ ಒಂದು ರಾತ್ರಿ ಯೋಚನೆಯೇ ಬರಲಿಲ್ಲ ಅಂತ ಮರುದಿನ ಬೆಳಿಗ್ಗೆ ಗೊತ್ತಾಯಿತು. ನೀವು ನಾಲ್ಕು ಗಂಟೆಗೆ ಎಲ್ಲಿರುತ್ತೀರಿ, ಏನು ಮಾಡುತ್ತಿರುತ್ತೀರಿ ಅಂತ ಬರೆಯುತ್ತೀರಾ?

ಮಳೆಬಿಲ್ಲು:
ಕಚೇರಿಯಲ್ಲಿ. ನಾಲ್ಕಕ್ಕೆ ಎಲ್ಲರೂ ಎದ್ದು ಟೀಗೆ ಹೋಗುತ್ತಾರೆ. ನಾನು ಈಗ ಹೋಗುವುದಿಲ್ಲ, ಒಬ್ಬಳೇ ಮೇಜಿನ ಹತ್ತಿರ ಕೂರುತ್ತೇನೆ. ಬರೆಯುವಾಗಲೇ ಅರ್ಥವಾಗುತ್ತಿದೆ.

ಕಿಟಕಿಪಕ್ಕ:
ಹೋಗಿ ಅಕ್ಕಾ. ಅವರ ಜೊತೆ ಹೋಗಿ. ಸಕ್ಕರೆ ಬಿಡಿ, ಜನರನ್ನು ಬಿಡಬೇಡಿ.

ರಾತ್ರಿಪಾಳಿ:
ನೂರಕ್ಕೆ ನೂರು ಸರಿ. ಮೂರರ ಮೇಲೆ ಟೀ ಬೇಡ ಅಂದಿದ್ದೆನಲ್ಲ, ಅದನ್ನು ಮರೆತುಬಿಡಿ. ನಾಲ್ಕರ ಟೀ ಇರಲಿ, ಬೆಳಗಿನದು ಒಂದು ಇರಲಿ.

ಚೌಕಟ್ಟು:
ಆಸೆ ಬಂದ ಆ ಗಳಿಗೆಗೆ ಒಂದು ಉಪಾಯ. ಹಂಬಲ ಅಂದರೆ ಅರ್ಧ ಪಾಲು ಮನಸ್ಸಿನಲ್ಲಿ ಮೂಡುವ ಚಿತ್ರ. ತಿನ್ನುವುದನ್ನು ಕಣ್ಣ ಮುಂದೆ ಕಾಣುತ್ತೇವೆ, ವಾಸನೆ ಬರುತ್ತದೆ, ಬಾಯಲ್ಲಿ ನೀರೂರುತ್ತದೆ. ಕಣ್ಣಿಗೆ ಬೇರೆ ಕೆಲಸ ಕೊಟ್ಟರೆ ಆ ಚಿತ್ರ ನಿಲ್ಲುವುದಿಲ್ಲ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಜನರಿಗೆ ಟೆಟ್ರಿಸ್ (ಬೀಳುವ ತುಂಡುಗಳನ್ನು ಜೋಡಿಸುವ ವಿಡಿಯೋ ಆಟ) ಆಡಿಸಿ ನೋಡಿದರು, 2014ರಲ್ಲಿ. ಕೆಲವೇ ನಿಮಿಷ ಆಡಿದವರಿಗೆ ಹಂಬಲದ ಜೋರು ಕಡಿಮೆಯಾಯಿತು. ಅಲ್ಲಿನದೇ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಚಾಕೊಲೇಟ್ ಪ್ರಿಯರನ್ನು ಹದಿನೈದು ನಿಮಿಷ ಬಿರುಸಾಗಿ ನಡೆಸಿದರು, ಅದರಿಂದಲೂ ಆಸೆ ಇಳಿಯಿತು. ನನಗೆ ನಡಿಗೆ ಆಗಿಬಂತು. ಮನೆಗೆ ಎರಡು ಸುತ್ತು ಹಾಕಿ ಬರುವಷ್ಟರಲ್ಲಿ ಅಲೆ ಇಳಿದಿರುತ್ತದೆ.

ಹಾದಿಹೋಕ:
ಅಲೆ ಅಂದಿರಲ್ಲ, ಸರಿಯಾದ ಮಾತು. ಬರುವಾಗ ಇನ್ನು ಬಿಡುವುದೇ ಇಲ್ಲ ಅನ್ನಿಸುತ್ತದೆ. ಗಡಿಯಾರ ನೋಡಿಕೊಂಡು ಕೂತರೆ ತಾನಾಗಿ ಇಳಿಯುತ್ತದೆ.

ಹೊಸಬೆಳಕು:
ಸಕ್ಕರೆ ಬದಲು ಬೆಲ್ಲ ಅಥವಾ ಜೇನುತುಪ್ಪ ಹಾಕಿಕೊಳ್ಳಿ. ನೈಸರ್ಗಿಕ. ನಾನು ಹಾಗೇ ಮಾಡಿದ್ದು, ಏನೂ ತೊಂದರೆ ಇಲ್ಲ.

ಓದುಗಣ್ಣು:
ರುಚಿಗೆ ಬೇಕಾದರೆ ಹಾಕಿಕೊಳ್ಳಿ, ಆದರೆ ಸಕ್ಕರೆ ಬಿಟ್ಟಂತೆ ಆಗುವುದಿಲ್ಲ. ಜೇನಿನಲ್ಲಿ ನೂರಕ್ಕೆ ಎಂಬತ್ತು ಪಾಲು ಸಕ್ಕರೆಯೇ, ಉಳಿದದ್ದು ಹೆಚ್ಚಾಗಿ ನೀರು. ಬೆಲ್ಲದಲ್ಲಿ ಖನಿಜಗಳು ಚೂರು ಇವೆ, ಆದರೆ ಅದರ ಬಹುಪಾಲು ಅದೇ ಸುಕ್ರೋಸ್, ಅಂದರೆ ಮಾಮೂಲಿ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ನೋಡಿ. ಸೇರಿಸಿದ ಸಕ್ಕರೆ, ಜೇನು, ಸಿರಪ್, ಹಣ್ಣಿನ ರಸ, ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿದ್ದಾರೆ. ಒಟ್ಟು ಶಕ್ತಿಯ ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರಬೇಕು, ಐದಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ 50 ಗ್ರಾಂ ಮತ್ತು 25 ಗ್ರಾಂ ಅಂತ ಲೆಕ್ಕ. ಮಳೆಬಿಲ್ಲು ಅವರ ಐದು ಟೀ ಒಂದರಲ್ಲೇ ಹತ್ತು ಚಮಚ, ಅಂದರೆ ಸುಮಾರು 40 ಗ್ರಾಂ ಆಗುತ್ತಿತ್ತು.

ಇಡೀ ಹಣ್ಣು ಮತ್ತು ಹಾಲಿನಲ್ಲಿ ಇರುವ ಸಕ್ಕರೆ ಈ ಲೆಕ್ಕಕ್ಕೆ ಬರುವುದಿಲ್ಲ. ಹಣ್ಣು ಧಾರಾಳವಾಗಿ ತಿನ್ನಿ.

ಹೊಸಬೆಳಕು:
ಹಣ್ಣಿನ ರಸವೂ ಬೇಡವೇ? ಮಕ್ಕಳಿಗೆ ಆರೋಗ್ಯಕ್ಕೆ ಅಂತ ದಿನಾ ಕೊಡುತ್ತಿದ್ದೆ.

ಹಲ್ಲುವೈದ್ಯೆ:
ಹಣ್ಣನ್ನೇ ಕೊಡಿ. ರಸ ಮಾಡಿದರೆ ನಾರು ಹೋಗುತ್ತದೆ, ಮೂರು ಹಣ್ಣಿನ ಸಕ್ಕರೆ ಎರಡು ಗುಟುಕಿನಲ್ಲಿ ಇಳಿಯುತ್ತದೆ.

ಹಲ್ಲಿನ ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ಎಷ್ಟು ತಿಂದಿರಿ ಅನ್ನುವುದರ ಜೊತೆಗೆ ಎಷ್ಟು ಸಲ ತಿಂದಿರಿ ಅನ್ನುವುದೂ ಮುಖ್ಯ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 5.5ಕ್ಕಿಂತ ಕೆಳಗೆ ಹೋದರೆ ಹಲ್ಲಿನ ಗಟ್ಟಿ ಹೊರಪದರ, ಎನಾಮಲ್, ಕರಗಲು ಶುರು. ಜೊಲ್ಲು ಅದನ್ನು ಸರಿ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗಂಟೆಗೊಮ್ಮೆ ಒಂದು ಪೆಪ್ಪರ್‌ಮಿಂಟ್ ಚೀಪುತ್ತಿದ್ದರೆ ಹಲ್ಲಿಗೆ ಬಿಡುವೇ ಇಲ್ಲ. ತಿನ್ನಲೇಬೇಕಾದರೆ ಊಟದ ಜೊತೆ ಒಂದೇ ಸಲ ತಿಂದು ಮುಗಿಸಿ. ಆಸೆ ಬಂದಾಗ ಹಲ್ಲುಜ್ಜಿ ನೋಡಿ ಅಂತ ನನ್ನ ಹತ್ತಿರ ಬರುವವರಿಗೆ ಹೇಳುತ್ತೇನೆ. ಟೂತ್‌ಪೇಸ್ಟ್ ರುಚಿ ಇರುವಾಗ ಚಾಕೊಲೇಟ್ ರುಚಿಸುವುದಿಲ್ಲ. ಹುಳಿ ತಿಂದ ತಕ್ಷಣ ಮಾತ್ರ ಉಜ್ಜಬೇಡಿ.

ಇಪ್ಪತ್ತುವರ್ಷ:
ಒಂದು ಎಚ್ಚರಿಕೆ, ದಯವಿಟ್ಟು ಯಾರೂ ದಾಟಿ ಹೋಗಬೇಡಿ. ನಾನು ಇಪ್ಪತ್ತು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ಇನ್ಸುಲಿನ್ ಅಥವಾ ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್‌ಗೆ ಹೇಳದೆ ಸಕ್ಕರೆ, ಊಟ ಥಟ್ಟನೆ ಇಳಿಸಬೇಡಿ. ಔಷಧಿಯ ಪ್ರಮಾಣವನ್ನೂ ಬದಲಿಸಬೇಕಾಗುತ್ತದೆ. ನಾಲ್ಕು ಗಂಟೆಗೆ ನಡುಕ, ಬೆವರು, ಎದೆ ಬಡಿತ ಬಂದರೆ ಅದನ್ನು ಹಂಬಲ ಅಂದುಕೊಂಡು ತಡೆದು ಕೂರಬಾರದು. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಹೋಗಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ನಾಲ್ಕು ಚಮಚ, ನೀರಿನಲ್ಲಿ ಕರಗಿಸಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಚಾಕೊಲೇಟ್ ಆ ಹೊತ್ತಿಗೆ ಆಗುವುದಿಲ್ಲ, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ. ನನ್ನ ಜೇಬಿನಲ್ಲಿ ಗ್ಲುಕೋಸ್ ಯಾವಾಗಲೂ ಇರುತ್ತದೆ. ನನಗೆ ಸಕ್ಕರೆ ಔಷಧಿ ಕೂಡ.

ಇನ್ನೊಂದು. "ಸಕ್ಕರೆ ಕಾಯಿಲೆ" ಅನ್ನುವ ಹೆಸರಿನಿಂದಲೇ ಜನ ಮೋಸ ಹೋಗುತ್ತಾರೆ. ಸಕ್ಕರೆ ಒಂದನ್ನು ಬಿಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮೈದಾ ಬ್ರೆಡ್ ಕೂಡ ಹೊಟ್ಟೆಯಲ್ಲಿ ಗ್ಲುಕೋಸ್ ಆಗುತ್ತದೆ. ತೂಕ, ನಡಿಗೆ, ನಿದ್ದೆ, ಮನೆತನದಲ್ಲಿ ಯಾರಿಗಿದೆ ಅನ್ನುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಮಳೆಬಿಲ್ಲು:
ಧನ್ಯವಾದ ಸರ್. ನನಗೆ ಇನ್ನೂ ಮಾತ್ರೆ ಏನೂ ಇಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಎಂದಿದ್ದಾರೆ.

ತೂಕಡಿಕೆ:
ಸಕ್ಕರೆ ಬದಲು ಹಾಕುವ ಮಾತ್ರೆ ಬಳಸಬಹುದಾ? ಕ್ಯಾನ್ಸರ್ ಬರುತ್ತದೆ ಅಂತ ಎಲ್ಲ ಕಡೆ ಓಡಾಡುತ್ತಿದೆ.

ಓದುಗಣ್ಣು:
2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು ಆಸ್ಪರ್ಟೇಮ್ ಅನ್ನುವ ಕೃತಕ ಸಿಹಿಯನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಅನ್ನುವ 2ಬಿ ಗುಂಪಿಗೆ ಸೇರಿಸಿದರು. ಪುರಾವೆ ಕಡಿಮೆ ಇರುವಾಗ ಹಾಕುವ ಗುಂಪು ಅದು. ಅದೇ ಹೊತ್ತಿಗೆ ಇನ್ನೊಂದು ಸಮಿತಿ ದಿನದ ಮಿತಿಯನ್ನು ಮೊದಲಿನಂತೆಯೇ, ಮೈ ತೂಕದ ಕೆಜಿಗೆ 40 ಮಿಲಿಗ್ರಾಂ, ಉಳಿಸಿತು. 70 ಕೆಜಿ ಇರುವವರು ಆ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಡಬ್ಬಿ ಡಯಟ್ ಪಾನೀಯ ಕುಡಿಯಬೇಕು. ಹಾಗಾಗಿ ಹೆದರಬೇಡಿ.

ಅರ್ಧಚಮಚ:
ಹೆದರಿಕೆ ಬೇಡ, ಆದರೆ ಉಪಯೋಗ ಇದೆಯಾ ಅನ್ನುವುದೇ ನನ್ನ ಪ್ರಶ್ನೆ. ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ಇಳಿಸಲು ಇವುಗಳನ್ನು ಬಳಸಬೇಡಿ ಎಂದಿತು. ಮೊದಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಇಂಥದ್ದೇ ಇನ್ನೊಂದು ಕೃತಕ ಸಿಹಿ ಸುಕ್ರಲೋಸ್, ಅದು ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ನಾಲಿಗೆಯ ಅಭ್ಯಾಸ ಇಳಿಸಲು ಹೊರಟವರು ಅಷ್ಟು ಸಿಹಿಯನ್ನು ಯಾಕೆ ಉಳಿಸಿಕೊಳ್ಳಬೇಕು?

ಇಪ್ಪತ್ತುವರ್ಷ:
ನನಗೆ ಉಪಯೋಗ ಇದೆ. ದಿನಕ್ಕೆ ಒಂದು ಲೋಟ ಸಿಹಿ ಕಾಫಿ ಅದರಿಂದ ಸಿಗುತ್ತದೆ. ಅದನ್ನು ಕಿತ್ತುಕೊಳ್ಳಬೇಡಿ ಮೇಡಂ.

ಅರ್ಧಚಮಚ:
ಇಲ್ಲ ಸರ್, ಖಂಡಿತ ಇಲ್ಲ. ನಿಮ್ಮ ವಿಷಯ ಬೇರೆ. ನಾನು ಹೇಳಿದ್ದು ಹೊಸದಾಗಿ ಶುರು ಮಾಡುವವರಿಗೆ.

ಹೊಸಬೆಳಕು:
ನನ್ನ ಮಕ್ಕಳಂತೂ ಸಿಹಿ ತಿಂದರೆ ಮನೆ ತಲೆಕೆಳಗು ಮಾಡುತ್ತವೆ. ಸಕ್ಕರೆ ತಲೆಗೆ ಏರುತ್ತದೆ.

ಚೌಕಟ್ಟು:
ಅದನ್ನು ಪರೀಕ್ಷಿಸಿದ್ದಾರೆ. 1995ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಕ್ಕರೆಯಿಂದ ಮಕ್ಕಳ ನಡತೆ ಬದಲಾದದ್ದು ಕಾಣಲಿಲ್ಲ. ಅದಕ್ಕಿಂತ ಒಂದು ವರ್ಷ ಮುಂಚೆ ಇನ್ನೊಂದು ಪ್ರಯೋಗ. ಮಕ್ಕಳಿಗೆ ಸಕ್ಕರೆ ಕೊಡದೆಯೇ, ಕೊಟ್ಟಿದ್ದೇವೆ ಅಂತ ಕೆಲವು ತಾಯಂದಿರಿಗೆ ಹೇಳಿದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಜಾಸ್ತಿ ಗಲಾಟೆ ಮಾಡಿದ ಹಾಗೆ ಕಂಡಿತು. ಸಿಹಿ ಸಿಗುವ ಹೊತ್ತಲ್ಲಿ ಆಟ, ಗೆಳೆಯರು, ಗದ್ದಲ ಎಲ್ಲ ಇರುತ್ತದೆ ಅಲ್ವಾ.

ಹೊಸಬೆಳಕು:
ನಂಬಲು ಕಷ್ಟ. ನನ್ನ ಮಕ್ಕಳನ್ನು ನಾನು ನೋಡಿಲ್ಲವೇ?

ತೂಕಡಿಕೆ:
ನಮ್ಮ ಮನೆ ಬೆಕ್ಕು ಐಸ್‌ಕ್ರೀಂ ನೆಕ್ಕುತ್ತದೆ, ಅದಕ್ಕೂ ಸಿಹಿ ಆಸೆ ಇದೆ!

ಓದುಗಣ್ಣು:
ಅದು ಕೊಬ್ಬಿನ ಆಸೆ. ಬೆಕ್ಕುಗಳಿಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿ ಗುರುತಿಸಲು ಬೇಕಾದ ಎರಡು ಜೀನ್‌ಗಳಲ್ಲಿ ಒಂದು ಅವುಗಳಲ್ಲಿ ಕೆಟ್ಟುಹೋಗಿದೆ ಅಂತ 2005ರಲ್ಲಿ ಕಂಡುಹಿಡಿದರು. ನಾಯಿ ಇದ್ದವರು ಮಾತ್ರ ಜೋಪಾನ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ.

ಹಸಿರೆಲೆ:
ಸಿಹಿ ಗೊತ್ತಾಗದಿರುವುದು ಅಂದಾಗ ನೆನಪಾಯಿತು. ಮಧುನಾಶಿನಿ ಬಳ್ಳಿಯ ಎಲೆ ಅಗಿದಿದ್ದೀರಾ ಯಾರಾದರೂ? ನಾನು ಅಗಿದು ನೋಡಿದೆ. ಎಲೆ ಕಹಿ. ಆಮೇಲೆ ಸಕ್ಕರೆ ಬಾಯಿಗೆ ಹಾಕಿದರೆ ಮರಳು ತಿಂದ ಹಾಗೆ! ಅದರಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗ್ರಾಹಕಗಳನ್ನು ಮುಚ್ಚಿ ಕೂರುತ್ತದಂತೆ. ನನಗೆ ಅರ್ಧ ಗಂಟೆ ಹಾಗೇ ಇತ್ತು. ಆ ಅರ್ಧ ಗಂಟೆಯಲ್ಲಿ ಚಾಕೊಲೇಟ್ ಬರೀ ಕೊಬ್ಬಿನ ಉಂಡೆ. ತಿನ್ನುವ ಆಸೆ ತಾನಾಗಿ ಹೋಯಿತು.

ರಾತ್ರಿಪಾಳಿ:
ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಡಾಕ್ಟರ್‌ಗೆ ಕೇಳದೆ ಶುರು ಮಾಡಬೇಡಿ. ರಕ್ತದ ಸಕ್ಕರೆ ಇನ್ನೂ ಕೆಳಗೆ ಹೋಗಬಹುದು.

ನೀಲಿಶಾಯಿ:
ಬೇರೆಯವರು ಕೊಟ್ಟಾಗ ಬೇಡ ಅನ್ನುವುದೇ ನನಗೆ ದೊಡ್ಡ ಕಷ್ಟವಾಗಿತ್ತು. "ನಾನು ಸಿಹಿ ತಿನ್ನುವ ಹಾಗಿಲ್ಲ" ಎಂದರೆ "ಇವತ್ತು ಒಂದು ದಿನ ಪರವಾಗಿಲ್ಲ" ಅನ್ನುತ್ತಾರೆ. "ನಾನು ಸಿಹಿ ತಿನ್ನುವುದಿಲ್ಲ" ಎನ್ನಲು ಶುರು ಮಾಡಿದೆ. ಒತ್ತಾಯ ಅರ್ಧಕ್ಕರ್ಧ ನಿಂತಿತು. ನನಗೇ ಆ ಮಾತು ಕೇಳಿ ಕೇಳಿ ಧೈರ್ಯ ಬಂತು.

ಕಡ್ಡಿಮುರಿದಂತೆ:
ಇದು ನನ್ನ ಮಾತೇ. ಪೂರ್ತಿ ಬಿಟ್ಟರೆ ಹೀಗೆ ಸ್ಪಷ್ಟವಾಗಿ ಹೇಳಬಹುದು.

ಅರ್ಧಚಮಚ:
ಒಪ್ಪಿದೆ. ಇದೊಂದು ವಿಷಯದಲ್ಲಿ.

ಮಳೆಬಿಲ್ಲು:
ಮೂರು ವಾರ ಆಯಿತು, ಬಂದು ಹೇಳೋಣ ಅನ್ನಿಸಿತು. ಟೀ ವಾಪಸ್ ತಂದೆ. ಮೊದಲ ವಾರ ಅರ್ಧ ಚಮಚ, ಈಗ ಕಾಲು. ತಲೆನೋವು ಪೂರ್ತಿ ಹೋಗಿದೆ. ನಾಲ್ಕು ಗಂಟೆಗೆ ಎಲ್ಲರ ಜೊತೆ ಹೋಗುತ್ತೇನೆ, ಲೋಟ ಹಿಡಿದು ನಿಲ್ಲುತ್ತೇನೆ. ಬಿಸ್ಕತ್ತಿನ ತಟ್ಟೆ ನನ್ನ ಕೈಗೆ ಎಟುಕದ ಕಡೆ ನಿಲ್ಲುತ್ತೇನೆ, ಅಷ್ಟೇ ಬದಲಾವಣೆ. ಹೋದ ಸೋಮವಾರ ಒಂದು ಜಗಳದ ನಂತರ ಎರಡು ತಿಂದೆ. ಮಂಗಳವಾರ ತಿನ್ನಲಿಲ್ಲ. ಮೊದಲಾಗಿದ್ದರೆ ಮಂಗಳವಾರ ಇಡೀ ಪೊಟ್ಟಣ ಮುಗಿಸುತ್ತಿದ್ದೆ.

ಮಗಳಿಗೆ ಹೊಸ ಡಬ್ಬಿ ತಂದುಕೊಟ್ಟೆ. ಅವಳೇ ಅದನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡು "ಅಮ್ಮಾ, ಬೇಕಾದರೆ ನನ್ನ ಕೇಳು" ಎಂದಳು.

ಒಂದು ಪ್ರಶ್ನೆ ಉಳಿದಿದೆ. ಬೆಳಗಿನ ತಿಂಡಿಗೆ ತಂದ ಸೀರಿಯಲ್ ಪೊಟ್ಟಣದ ಮೇಲೆ "ಸಕ್ಕರೆ" ಅಂತ ಎಲ್ಲೂ ಇಲ್ಲ. ಆದರೆ ಎರಡನೇ ಹೆಸರೇ ಗ್ಲುಕೋಸ್ ಸಿರಪ್. ಇದೂ ಅದೇನಾ?

ಓದುಗಣ್ಣು:
ಅದೇ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯುತ್ತಾರೆ. ಎರಡನೇ ಜಾಗದಲ್ಲಿದೆ ಅಂದರೆ ತುಂಬ ಇದೆ. ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್, ಇನ್ವರ್ಟ್ ಸಿರಪ್, ಹಣ್ಣಿನ ರಸದ ಸಾಂದ್ರ, ಈ ಹೆಸರುಗಳನ್ನೂ ನೋಡಿಕೊಳ್ಳಿ.

ಮಳೆಬಿಲ್ಲು:
ಮೂರು ಹೆಸರು ಇದರಲ್ಲೇ ಇವೆ. ಅಂಗಡಿಗೆ ವಾಪಸ್ ಕೊಟ್ಟು ಬರುತ್ತೇನೆ.